ಧ್ವನಿಯ ಚರಿತ್ರೆಯಲ್ಲಿ ದಿಂಬು ಮತ್ತು ಹಾಸಿಗೆ ಬಟ್ಟೆ

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸ ಕಟ್ಟಡವೊಂದನ್ನು ಕಟ್ಟಿಸಿ ಪೇಚಿಗೆ ಸಿಕ್ಕಿತು. ಫಾಗ್ ಕಲಾ ಸಂಗ್ರಹಾಲಯ ಎಂಬ ಆ ಕಟ್ಟಡದೊಳಗೆ ಉಪನ್ಯಾಸಕ್ಕೆಂದು ಒಂದು ಸಭಾಂಗಣವಿತ್ತು. ನೋಡಲು ಚೆನ್ನಾಗಿತ್ತು. ಆದರೆ ಅಲ್ಲಿ ನಿಂತು ಯಾರು ಏನು ಮಾತಾಡಿದರೂ ಕೂತವರಿಗೆ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಅಕ್ಷರದ ಅನುರಣನ ಐದೂವರೆ ಸೆಕೆಂಡು ಕೋಣೆಯಲ್ಲೇ ಸುಳಿದಾಡುತ್ತಿತ್ತು. ಅಷ್ಟು ಹೊತ್ತಿನಲ್ಲಿ ಮಾತುಗಾರ ಇನ್ನೂ ಹನ್ನೆರಡು-ಹದಿನೈದು ಅಕ್ಷರಗಳನ್ನು ಆಡಿ ಮುಗಿಸಿರುತ್ತಿದ್ದ. ಒಂದರ ಮೇಲೊಂದು ಬಿದ್ದು ಎಲ್ಲವೂ ಕಲಸುಮೇಲೋಗರ.

ಇದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಭೌತಶಾಸ್ತ್ರದ ಕಿರಿಯ ಅಧ್ಯಾಪಕನ ಹೆಗಲೇರಿತು. ಆಗ ಅವನಿಗೆ ಇಪ್ಪತ್ತೇಳು ವರ್ಷ. ಪಿಎಚ್.ಡಿ. ಪದವಿ ಇರಲಿಲ್ಲ, ಮುಂದೆಯೂ ಅದನ್ನು ಪಡೆಯಲಿಲ್ಲ. (ಅದೇ ವಯಸ್ಸಿನಲ್ಲಿ ಪ್ರಬಂಧದ ಮೂರನೇ ಅಧ್ಯಾಯಕ್ಕೆ ಅಂಟಿಕೊಂಡು ಕೂತಿರುವ ನನ್ನಂಥವರಿಗೆ ಇದು ಸಮಾಧಾನವೋ ಮೂದಲಿಕೆಯೋ ತಿಳಿಯದು.) ಧ್ವನಿಯನ್ನು ಅಳೆಯುವ ವಿದ್ಯುತ್ ಉಪಕರಣಗಳು ಆಗಿನ್ನೂ ಬಂದಿರಲಿಲ್ಲ. ಅವನ ಬಳಿ ಇದ್ದದ್ದು ಆರ್ಗನ್ ವಾದ್ಯದ ಒಂದು ಕೊಳವೆ, ಸಮಯ ದಾಖಲಿಸುವ ಯಂತ್ರ ಮತ್ತು ಎರಡು ಕಿವಿ. ಹೊರಗಿನ ಗದ್ದಲ ಅಡಗಿದ ಮೇಲೆ, ನಡುರಾತ್ರಿಯಲ್ಲಿ, ಕೊಳವೆಯನ್ನು ಊದಿಸಿ ನಿಲ್ಲಿಸುವುದು. ಸದ್ದು ಪೂರ್ತಿ ಕರಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುವುದು.

ಮತ್ತೆ ದಿಂಬುಗಳು. ಹತ್ತಿರದಲ್ಲೇ ಸ್ಯಾಂಡರ್ಸ್ ಥಿಯೇಟರ್ ಎಂಬ ಇನ್ನೊಂದು ಸಭಾಂಗಣವಿತ್ತು, ಅಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಸಬೀನ್ ಮತ್ತವನ ಸಹಾಯಕರು ರಾತ್ರಿ ಹೊತ್ತು ಅಲ್ಲಿನ ಆಸನಗಳ ಮೆತ್ತೆಗಳನ್ನು ಫಾಗ್ ಸಭಾಂಗಣಕ್ಕೆ ಹೊತ್ತು ತರುತ್ತಿದ್ದರು, ಬೆಳಗಾಗುವಷ್ಟರಲ್ಲಿ ವಾಪಸು ಇಟ್ಟು ಬರುತ್ತಿದ್ದರು. ಕೆಲವನ್ನು ಹಾಸಿದರೆ ಅನುರಣನ ಒಂದಿಷ್ಟು ಇಳಿಯಿತು. ಇನ್ನಷ್ಟು ಹಾಸಿದರೆ ಇನ್ನಷ್ಟು. ಥಿಯೇಟರಿನ ಮೆತ್ತೆಗಳನ್ನೆಲ್ಲ ತಂದು ತುಂಬಿದಾಗ ಐದೂವರೆ ಸೆಕೆಂಡು ಇದ್ದದ್ದು ಒಂದು ಸೆಕೆಂಡಿಗಿಂತ ಸ್ವಲ್ಪವೇ ಹೆಚ್ಚು ಎಂಬಲ್ಲಿಗೆ ಬಂದು ನಿಂತಿತು. ನಡುವೆ ಅವನಿಗೆ ಇನ್ನೊಂದು ಸಂಗತಿ ಹೊಳೆಯಿತು: ತಾನು ತೊಟ್ಟ ಬಟ್ಟೆಯೂ ಲೆಕ್ಕವನ್ನು ಕೆಡಿಸುತ್ತಿದೆ. ಅಲ್ಲಿಯವರೆಗಿನ ಸಾವಿರಾರು ಅಳತೆಗಳನ್ನು ಎಸೆದು, ಅಲ್ಲಿಂದ ಮುಂದೆ ಪ್ರತಿ ಪ್ರಯೋಗಕ್ಕೂ ಅದೇ ಕೋಟು, ಅದೇ ಷರಾಯಿ ತೊಟ್ಟು ಕೂತ.

ಇಷ್ಟೆಲ್ಲದರಿಂದ ಹೊರಬಂದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಆ ಕೋಣೆಯಲ್ಲಿ ಸದ್ದನ್ನು ಹೀರುವ ವಸ್ತುಗಳ ಒಟ್ಟು ಶಕ್ತಿಯಿಂದ ಭಾಗಿಸಿದರೆ ಅನುರಣನದ ಅವಧಿ ಸಿಗುತ್ತದೆ. ಹೀರುವ ಶಕ್ತಿಗೆ ಸಬೀನ್ ಇಟ್ಟುಕೊಂಡ ಮಾನ ಸೊಗಸಾದದ್ದು: ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಆಚೆ ಹೋದ ಸದ್ದು ತಿರುಗಿ ಬರುವುದಿಲ್ಲ, ಆದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿ ಎಂದರೆ ಪೂರ್ಣ ಹೀರುವಿಕೆ. ಉಳಿದದ್ದೆಲ್ಲ ಅದರ ಭಾಗ. ಸಭೆಯಲ್ಲಿ ಕೂತ ಮನುಷ್ಯರನ್ನೂ ಅವನು ಹೀಗೇ ಅಳೆದ. ಒಬ್ಬ ಗಂಡಸು 0.48 ಚದರ ಮೀಟರ್ ಕಿಟಕಿಗೆ ಸಮ, ಒಬ್ಬ ಹೆಂಗಸು 0.54ಕ್ಕೆ. ವ್ಯತ್ಯಾಸ ಆ ಕಾಲದ ಉಡುಪಿನದು. ಈ ಲೆಕ್ಕವನ್ನು ಇಟ್ಟುಕೊಂಡೇ ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಲಾಯಿತು. 1900ರಲ್ಲಿ ತೆರೆದ ಅದನ್ನು ಇವತ್ತಿಗೂ ಜಗತ್ತಿನ ಒಳ್ಳೆಯ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಎಣಿಸುತ್ತಾರೆ.

ಸಬೀನ್ ಕಥೆಯನ್ನು ಸಾಮಾನ್ಯವಾಗಿ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಹೇಳುತ್ತಾರೆ. ನಾನು ಅದನ್ನು ಇಲ್ಲಿ ತಂದಿರುವುದು ಮನೆಯ ಸ್ಪೀಕರಿನ ಚರಿತ್ರೆಗೆ. ಆ ಚರಿತ್ರೆಯನ್ನು ಬರೆಯುವವರು ಆಯಸ್ಕಾಂತ, ಆಂಪ್ಲಿಫೈಯರು, ಮರದ ಪೆಟ್ಟಿಗೆ ಹೀಗೆ ಗಟ್ಟಿ ವಸ್ತುಗಳ ಜಾಡು ಹಿಡಿದು ಹೋಗುತ್ತಾರೆ. ಗಟ್ಟಿ ವಸ್ತುಗಳು ಉಳಿಯುತ್ತವೆ, ಸಂಗ್ರಹಾಲಯಕ್ಕೂ ಸೇರುತ್ತವೆ. ಆದರೆ ಮನೆಯಲ್ಲಿ ಕೂತು ಸಂಗೀತ ಕೇಳುವುದನ್ನು ಸಾಧ್ಯವಾಗಿಸಿದ್ದರಲ್ಲಿ ಬಹುಪಾಲು ಮೆತ್ತನೆಯ ವಸ್ತುಗಳದು: ದಿಂಬು, ಬಟ್ಟೆ, ಉಣ್ಣೆ, ಫೋಮು. ಇವು ಅಗ್ಗ, ಇವು ಹಾಳಾಗುತ್ತವೆ, ಇವುಗಳ ಹೆಸರು ಯಾರೂ ಬರೆದಿಡುವುದಿಲ್ಲ.

ಇವತ್ತು ನಮ್ಮ ಮನೆಗಳಲ್ಲಿರುವ ಸ್ಪೀಕರಿನ ಮೂಲರೂಪ 1925ರದ್ದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆ ವರ್ಷ ತಮ್ಮ ಪ್ರಬಂಧ ಪ್ರಕಟಿಸಿದರು. ಅದಕ್ಕೂ ಮೊದಲು ಇದ್ದದ್ದು ಹೆಚ್ಚಾಗಿ ಕಹಳೆಯಾಕಾರದ ಸ್ಪೀಕರುಗಳು. ಸದ್ದು ಜೋರು, ಆದರೆ ಮೂಗಿನಲ್ಲಿ ಮಾತಾಡಿದ ಹಾಗೆ. ರೈಸ್-ಕೆಲಾಗ್ ಕಹಳೆಯನ್ನು ತೆಗೆದುಹಾಕಿದರು. ಒಂದು ಕಾಗದದ ಕೋನ್, ಅದರ ಬುಡಕ್ಕೆ ಸುತ್ತಿದ ತಂತಿಯ ಕಾಯಿಲ್, ಕಾಯಿಲಿನ ಸುತ್ತ ಆಯಸ್ಕಾಂತ. ತಂತಿಯಲ್ಲಿ ವಿದ್ಯುತ್ ಹರಿದಾಡಿದಂತೆ ಕಾಯಿಲ್ ಹಿಂದೆ ಮುಂದೆ ಚಲಿಸುತ್ತದೆ, ಕೋನ್ ಗಾಳಿಯನ್ನು ನೂಕುತ್ತದೆ. ಕೇಳಲು ಸರಳ. ಆದರೆ ಕೋನ್ ಸಲೀಸಾಗಿ ಆಡಬೇಕು, ಅದೇ ವೇಳೆ ಒಂದು ಕೂದಲೆಳೆಯಷ್ಟೂ ಪಕ್ಕಕ್ಕೆ ವಾಲಬಾರದು. ವಾಲಿದರೆ ಕಾಯಿಲ್ ಆಯಸ್ಕಾಂತಕ್ಕೆ ಉಜ್ಜಿ ಗರಗರ ಎನ್ನುತ್ತದೆ. ಈ ಎರಡನ್ನೂ ಸಂಭಾಳಿಸುವುದು ಕೋನಿನ ಹೊರ ಅಂಚಿಗೆ ಸುತ್ತ ಅಂಟಿಸಿದ ಮೃದುವಾದ ಬಳೆ ಮತ್ತು ಒಳಗೆ ಕಾಯಿಲನ್ನು ಹಿಡಿದಿರುವ ಸುಕ್ಕುಬಟ್ಟೆ. ಎರಡನೆಯದಕ್ಕೆ ರಿಪೇರಿಯವರು ಸ್ಪೈಡರ್ ಎನ್ನುತ್ತಾರೆ.

ಮುಂದಿನ ಮೂವತ್ತು ವರ್ಷ ಎಲ್ಲರ ತಲೆನೋವು ಒಂದೇ: ಮಂದ್ರದ ಸ್ವರಗಳು. ತಂಬೂರಿಯ ಖರಜ, ಮೃದಂಗದ ಎಡಭಾಗ, ಪಾಶ್ಚಾತ್ಯ ಸಂಗೀತದಲ್ಲಾದರೆ ಡಬಲ್ ಬೇಸ್, ಇವು ಮನೆಯ ಸ್ಪೀಕರಿನಲ್ಲಿ ಬರಬೇಕಾದರೆ ಪೆಟ್ಟಿಗೆ ಬೀರುವಿನಷ್ಟು ದೊಡ್ಡದಿರಬೇಕು ಎಂಬುದು ಆಗಿನ ನಂಬಿಕೆ. 1946ರಲ್ಲಿ ಪಾಲ್ ಕ್ಲಿಪ್ಶ್ ತಯಾರಿಸಿದ ಸ್ಪೀಕರ್ ಕೋಣೆಯ ಮೂಲೆಯನ್ನೇ ತನ್ನ ಕಹಳೆಯ ಭಾಗವನ್ನಾಗಿ ಬಳಸುತ್ತಿತ್ತು. ಒಳ್ಳೆಯ ಉಪಾಯವೇ. ಆದರೆ ಅಂಥ ಎರಡನ್ನು ಇಟ್ಟ ಮೇಲೆ ಮನೆಯವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಬೇರೆ.

ಇದನ್ನು ಬಿಡಿಸಿದವರು ಎಡ್ಗರ್ ವಿಲ್ಚರ್. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಪುನರುತ್ಪಾದನೆಯ ಬಗ್ಗೆ ಪಾಠ ಹೇಳುತ್ತಿದ್ದರು, ವಾಸ ವುಡ್‌ಸ್ಟಾಕಿನಲ್ಲಿ. ಅವರ ತರ್ಕ ಹೀಗಿತ್ತು. ಕೋನನ್ನು ಅದರ ಜಾಗಕ್ಕೆ ವಾಪಸು ಎಳೆಯುವ ಕೆಲಸವನ್ನು ಆ ಅಂಚು ಮತ್ತು ಸ್ಪೈಡರ್ ಮಾಡುತ್ತಿವೆ, ಅಂದರೆ ಅವೇ ಸ್ಪ್ರಿಂಗು. ಆದರೆ ಅವು ಕೆಟ್ಟ ಸ್ಪ್ರಿಂಗು. ಸ್ವಲ್ಪ ಎಳೆದರೆ ಒಂದು ರೀತಿ, ಹೆಚ್ಚು ಎಳೆದರೆ ಇನ್ನೊಂದು ರೀತಿ ವರ್ತಿಸುತ್ತವೆ. ಮಂದ್ರದಲ್ಲಿ ಕೋನ್ ಹೆಚ್ಚು ದೂರ ಚಲಿಸಬೇಕಾದ್ದರಿಂದ ಅಲ್ಲೇ ಸ್ವರ ಕೆಡುತ್ತದೆ. ಹಾಗಾದರೆ ಅವನ್ನು ಆದಷ್ಟು ಸಡಿಲ ಮಾಡಿಬಿಡೋಣ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚೋಣ, ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗಾಗಲಿ. ಗಾಳಿ ಬಹಳ ಶಿಸ್ತಿನ ಸ್ಪ್ರಿಂಗು. ಇನ್ನೂ ಒಂದು ಲಾಭ: ಗಾಳಿ ಬಿಗಿಯಾಗಿರಬೇಕಾದರೆ ಪೆಟ್ಟಿಗೆ ಚಿಕ್ಕದೇ ಇರಬೇಕು!

ಯೋಚನೆಯನ್ನು ಪರೀಕ್ಷಿಸಲು ವಿಲ್ಚರ್ ಒಂದು ಸ್ಪೀಕರಿನ ಬಿರುಸಾದ ಅಂಚನ್ನು ಕತ್ತರಿಸಿ ತೆಗೆದರು. ಅದರ ಜಾಗಕ್ಕೆ ಮೆತ್ತನೆಯ ಬಳೆ ಬೇಕಿತ್ತು. ನಕ್ಷೆ ಬರೆಯುವ ಕೆಲಸ ಬಲ್ಲ ಅವರ ಹೆಂಡತಿ ರೋಸ್‌ಮೇರಿ ಅದರ ನಮೂನೆಯನ್ನು ಬರೆದುಕೊಟ್ಟರು. ಬಟ್ಟೆ ಸಿಕ್ಕಿದ್ದು ಮನೆಯ ಹಳೆಯ ಹಾಸಿಗೆಯ ಹೊದಿಕೆಯಿಂದ. ಇಪ್ಪತ್ತನೇ ಶತಮಾನದ ಸ್ಪೀಕರಿನ ದೊಡ್ಡ ತಿರುವು ನಡೆದದ್ದು ಹೀಗೆ, ಹಾಸಿಗೆ ಬಟ್ಟೆಯಲ್ಲಿ. ಕಾರ್ಖಾನೆಗಳು ಈ ಯೋಚನೆಗೆ ಆಸಕ್ತಿ ತೋರದಿದ್ದಾಗ ವಿಲ್ಚರ್ ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ತೆರೆದರು. ಅದು ಶುರುವಾದದ್ದು ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ, ಅರ್ಧ ಶತಮಾನದ ಹಿಂದೆ ಸಬೀನ್ ದಿಂಬು ಹೊತ್ತ ಅದೇ ಊರು. ಅವರ ಮೊದಲ ಸ್ಪೀಕರು ಎಆರ್-1. ಕಪಾಟಿನಲ್ಲಿ ಕೂರುವಷ್ಟು ಗಾತ್ರ, ಆದರೆ ಬೀರು ಗಾತ್ರದವು ಕೊಡಲಾಗದ ಮಂದ್ರ. ಪೆಟ್ಟಿಗೆಯೊಳಗೂ ನಾರಿನಂಥ ಉಣ್ಣೆ ತುಂಬಿದ್ದರು. 1958ರಲ್ಲಿ ಬಂದ ಎಆರ್-3 ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ವಿಲ್ಚರ್ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇನ್ನೊಂದು ಕಂಪನಿ ಅದನ್ನು ಪ್ರಶ್ನಿಸಿತು. ಹ್ಯಾರಿ ಓಲ್ಸನ್ ಅವರ ಹೆಸರಿನಲ್ಲಿ ಇದನ್ನೇ ಹೋಲುವ ಹಿಂದಿನ ಪೇಟೆಂಟ್ ಒಂದಿತ್ತು. ವಿಲ್ಚರ್ ಅವರದು ಬಿದ್ದುಹೋಯಿತು. ಅವರು ಮೇಲ್ಮನವಿಗೆ ಹೋಗಲಿಲ್ಲ. ಮುಂದೆ ಮುಚ್ಚಿದ ಚಿಕ್ಕ ಪೆಟ್ಟಿಗೆ ಲೋಕದ ತುಂಬ ಹರಡಿದ್ದಕ್ಕೆ ಇದೂ ಒಂದು ಕಾರಣ. ಕಿವುಡರ ಶ್ರವಣ ಸಾಧನಗಳ ಬಗ್ಗೆ 1970ರ ದಶಕದಲ್ಲಿ ಅವರು ಮಾಡಿದ ಮುಖ್ಯ ಕೆಲಸಕ್ಕೂ ಪೇಟೆಂಟ್ ತೆಗೆದುಕೊಳ್ಳದೆ ಪ್ರಬಂಧ ಪ್ರಕಟಿಸಿ ಸುಮ್ಮನಾದರು.

ಆ ಕಂಪನಿಯ ಇನ್ನೊಂದು ನಡೆ ನನಗೆ ಹೆಚ್ಚು ಇಷ್ಟ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಮತ್ತು ಕೇಂಬ್ರಿಜ್ಜಿನ ಹಾರ್ವರ್ಡ್ ಚೌಕದಲ್ಲಿ ಅವರು ಸಂಗೀತ ಕೋಣೆಗಳನ್ನು ಇಟ್ಟಿದ್ದರು. ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಅಲ್ಲಿ ಮಾರಾಟವೇ ಇಲ್ಲ. ಜೊತೆಗೆ ಸಾರ್ವಜನಿಕ ಪ್ರದರ್ಶನಗಳನ್ನೂ ನಡೆಸಿದರು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ತಂತಿವಾದ್ಯದ ತಂಡ ವೇದಿಕೆಯಲ್ಲಿ ನುಡಿಸುತ್ತಿರುವಾಗ ನಡುವೆ ಎಲ್ಲೋ ಕಲಾವಿದರು ಕಮಾನನ್ನು ಸುಮ್ಮನೆ ಆಡಿಸುತ್ತಾರೆ, ಸದ್ದು ಸ್ಪೀಕರಿನಿಂದ ಬರತೊಡಗುತ್ತದೆ. ಬದಲಾದದ್ದು ಎಲ್ಲಿ ಎಂದು ಸಭಿಕರು ಹೇಳಬೇಕು, ಹೇಳುವುದು ಕಷ್ಟವಾಗುತ್ತಿತ್ತು. ಇದರ ಹಿಂದಿದ್ದ ಗುಟ್ಟು ಕೋಣೆ. ಆ ಧ್ವನಿಮುದ್ರಣಗಳಲ್ಲಿ ಮುದ್ರಿಸಿದ ಜಾಗದ ಅನುರಣನ ಆದಷ್ಟು ಸೇರದಂತೆ ನೋಡಿಕೊಂಡಿದ್ದರು. ಇಲ್ಲದಿದ್ದರೆ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕೂತು ಸ್ಪೀಕರಿನ ಗುರುತು ಸಿಕ್ಕಿಬಿಡುತ್ತಿತ್ತು. ಅಂದರೆ ನಾವು ಮನೆಯಲ್ಲಿ ಯಾವುದೇ ಹಾಡು ಕೇಳುವಾಗ ಯಾವಾಗಲೂ ಎರಡು ಕೋಣೆಗಳನ್ನು ಒಟ್ಟಿಗೆ ಕೇಳುತ್ತಿರುತ್ತೇವೆ: ಹಾಡಿದವರದು, ನಮ್ಮದು.

ನಮ್ಮದು ಎಂಬ ಕೋಣೆ ಹೇಗಿತ್ತು? ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಬಾನುಲಿ ಪ್ರಸಾರ ಶುರುಮಾಡಿ ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟದ್ದು ಎಲ್ಲರಿಗೂ ಗೊತ್ತು. ಮನೆಯಿಂದ ಹೊರಟ ಧ್ವನಿ ಮನೆಗಳನ್ನು ತಲುಪಿದ ಬಗ್ಗೆ ಅಷ್ಟಾಗಿ ಬರೆದವರಿಲ್ಲ. ಬೀದಿಗೋ ಊರಿಗೋ ಒಂದು ರೇಡಿಯೋ ಇದ್ದ ಕಾಲದ ನೆನಪುಗಳನ್ನು ಹಿರಿಯರ ಬಾಯಲ್ಲಿ ಕೇಳಿದರೆ ಒಂದು ಚಿತ್ರ ಮತ್ತೆ ಮತ್ತೆ ಬರುತ್ತದೆ: ಹಜಾರದಲ್ಲೋ ಜಗಲಿಯಲ್ಲೋ ಚಾಪೆ ಹಾಸಿ ಹತ್ತಿಪ್ಪತ್ತು ಜನ ಕೂತಿದ್ದು. ಸಬೀನ್ ಕಣ್ಣಲ್ಲಿ ನೋಡಿದರೆ ಇಪ್ಪತ್ತು ಜನ ಎಂದರೆ ಹತ್ತು ಚದರ ಮೀಟರ್ ತೆರೆದ ಕಿಟಕಿ. ನೆರೆಮನೆಯವರೇ ದಿಂಬು. ಇನ್ನು ತೊಟ್ಟಿಮನೆಯಾದರೆ ಕೇಳುವುದೇ ಬೇಡ. ನಡುವಿನ ತೊಟ್ಟಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ ಇದ್ದರೆ, ಒಂಬತ್ತು ಚದರ ಮೀಟರ್ ಆಕಾಶ ಸದ್ದನ್ನು ಹೀರಲು ಸದಾ ಬಾಯಿ ತೆರೆದುಕೊಂಡಿರುತ್ತದೆ. ಅಂಥ ಮನೆ ಕಟ್ಟಿದವರು ಧ್ವನಿಗಾಗಿ ಕಟ್ಟಿದ್ದಲ್ಲ, ಬೆಳಕು ಗಾಳಿಗೆ ಕಟ್ಟಿದ್ದು. ಆದರೂ ತೊಟ್ಟಿಯ ಪಡಸಾಲೆಯಲ್ಲಿ ಯಾರಾದರೂ ಹಾಡಿದ್ದನ್ನು ಕೇಳಿದವರಿಗೆ ಆ ಬಿಡಿಬಿಡಿ ಸ್ಪಷ್ಟತೆ ನೆನಪಿರುತ್ತದೆ.

ಈಗಿನ ಫ್ಲ್ಯಾಟಿನ ಹಾಲನ್ನು ತೆಗೆದುಕೊಳ್ಳಿ. ಐದು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರ. ವಿಟ್ರಿಫೈಡ್ ಟೈಲ್ಸ್ ನೆಲ, ಪುಟ್ಟಿ ಹಚ್ಚಿ ನುಣ್ಣಗೆ ಮಾಡಿದ ಗೋಡೆ, ಗಾಜಿನ ಜಾರುಬಾಗಿಲು. ಬರಿದಾಗಿದ್ದರೆ ಇವು ಸದ್ದನ್ನು ನೂರಕ್ಕೆ ಮೂರರಷ್ಟು ಹೀರಿದರೆ ಹೆಚ್ಚು. ಗಾತ್ರ 60 ಘನ ಮೀಟರ್, ಆರೂ ಮೈ ಸೇರಿ 94 ಚದರ ಮೀಟರ್; ಹೀರುವ ಶಕ್ತಿ ಮೂರಕ್ಕೂ ಕಡಿಮೆ. ಸೂತ್ರಕ್ಕೆ ಹಾಕಿದರೆ ಅನುರಣನ ಸುಮಾರು ಮೂರೂವರೆ ಸೆಕೆಂಡು. ಫಾಗ್ ಸಭಾಂಗಣದಿಂದ ಬಹಳ ದೂರವೇನಲ್ಲ! ಸೋಫಾ, ಮನುಷ್ಯರು, ಪರದೆ ಸೇರಿ ಇದು ಇಳಿಯುತ್ತದೆ ನಿಜ, ಆದರೆ ಹಾಡು ಹಿತವಾಗಿ ಕೇಳಬೇಕಾದ ಅರ್ಧ ಸೆಕೆಂಡಿನ ಆಸುಪಾಸಿಗೆ ಬರಬೇಕಾದರೆ ಹೀರುವ ಶಕ್ತಿ ಹತ್ತೊಂಬತ್ತು-ಇಪ್ಪತ್ತಾದರೂ ಆಗಬೇಕು. ನಾಲ್ಕು ದಶಕಗಳಲ್ಲಿ ನಮ್ಮ ಸ್ಪೀಕರುಗಳು ಉತ್ತಮಗೊಂಡಿವೆ, ನಮ್ಮ ಕೋಣೆಗಳು ಕೆಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣವನ್ನು ಇಂಥ ಹಾಲಿನಲ್ಲಿ ಹಾಕಿ, ತಾನು ಒಂದರೊಳಗೊಂದು ಕರಗಿಹೋದಾಗ 'ಹಳೇ ರೆಕಾರ್ಡಿಂಗ್ ಅಲ್ವಾ' ಎಂದು ಮುದ್ರಣವನ್ನು ದೂರುತ್ತೇವೆ. ಆಮೇಲೆ ಸಾವಿರಾರು ರೂಪಾಯಿಯ ತಂತಿ ಕೊಳ್ಳುತ್ತೇವೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಇದಕ್ಕೆ ಮದ್ದು ಆಗಲೇ ಇದೆ: ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿದರೆ ಅದು ತೆಳು ಪರದೆಗಿಂತ ಎಷ್ಟೋ ಮೇಲು. ನೆಲಕ್ಕೆ ಜಮಖಾನ, ಸ್ಪೀಕರಿನ ಎದುರು ಗೋಡೆಗೆ ತುಂಬಿದ ಪುಸ್ತಕದ ಕಪಾಟು. ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ಅದರಿಂದ ಗೋಡೆ ಅಂದಗೆಡುವುದು ಬಿಟ್ಟರೆ ಹೆಚ್ಚೇನೂ ಆಗದು. ಕೌದಿಗೂ ಮಿತಿ ಇದೆ. ಅದು ಹೀರುವುದು ಹೆಚ್ಚಾಗಿ ತಾರದ ಸ್ವರಗಳನ್ನು. ನೂರು ಹರ್ಟ್ಸ್‌ನ ಸ್ವರದ ಅಲೆ ಮೂರೂಕಾಲು ಮೀಟರಿಗೂ ಉದ್ದ, ಅದಕ್ಕೆ ಬಟ್ಟೆ ಲೆಕ್ಕಕ್ಕಿಲ್ಲ. ಐದು ಮೀಟರಿನ ಗೋಡೆಗಳ ನಡುವೆ 34 ಹರ್ಟ್ಸ್‌ನ ಆಸುಪಾಸಿನ ಸ್ವರ ಕಟ್ಟಿಕೊಂಡು ನಿಲ್ಲುತ್ತದೆ, ನಾಲ್ಕು ಮೀಟರಿನ ನಡುವೆ 43ರದ್ದು. ಹಾಗಾಗಿ ಎಲ್ಲ ಕಡೆ ಬಟ್ಟೆ ಹೊದಿಸಿದ ಕೋಣೆ ಮೇಲೆ ಮಂಕು, ಕೆಳಗೆ ಗುಮ್ಮೆನ್ನುವ ಕೋಣೆಯಾಗುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಸ್ಪೀಕರನ್ನು ಮೂಲೆಯಿಂದ ಎಳೆದು ಗೋಡೆಯಿಂದ ಒಂದೆರಡು ಅಡಿ ಮುಂದಿಟ್ಟು, ಕೂರುವ ಜಾಗವನ್ನೂ ಹಿಂದೆ ಮುಂದೆ ಸರಿಸಿ ನೋಡುವುದು. ಖರ್ಚಿಲ್ಲ, ಬೆನ್ನುನೋವು ಮಾತ್ರ.

ಇಷ್ಟು ಕೋಣೆಯದಾಯಿತು. ಸ್ಪೀಕರಿನ ಮೈಮೇಲಿದ್ದ ಆ ಹಾಸಿಗೆ ಬಟ್ಟೆಯ ಬಳೆ ಏನಾಯಿತು? 1960ರ ದಶಕದ ಕೊನೆಗೆ ತಯಾರಕರು ಬಟ್ಟೆಯ ಅಂಚನ್ನು ಬಿಟ್ಟು ಪಾಲಿಯುರೇಥೇನ್ ಫೋಮಿಗೆ ಹೊರಳಿದರು. ಹಗುರ, ಅಗ್ಗ, ಅಚ್ಚಿನಲ್ಲಿ ಒತ್ತಿ ತೆಗೆಯಬಹುದು. ಬಟ್ಟೆಯಾದರೆ ಗಾಳಿ ಸೋರದಂತೆ ಅದಕ್ಕೆ ಲೇಪ ಬೇರೆ ಹಚ್ಚಬೇಕು. ಆದರೆ ಫೋಮಿಗೆ ತೇವ ಶತ್ರು. ಗಾಳಿಯ ತೇವಾಂಶ ಅದರ ಬಂಧಗಳನ್ನು ನಿಧಾನವಾಗಿ ಕಡಿಯುತ್ತದೆ. ಹತ್ತಿಪ್ಪತ್ತು ವರ್ಷದಲ್ಲಿ ಮುಟ್ಟಿದರೆ ಬೆಲ್ಲದ ಪುಡಿಯ ಹಾಗೆ ಉದುರುತ್ತದೆ. ಕರಾವಳಿಯಲ್ಲಾದರೆ ಇನ್ನೂ ಬೇಗ. ಕಾಯಿಲ್ ಸರಿಯಿದೆ, ಆಯಸ್ಕಾಂತ ಸರಿಯಿದೆ, ಕೋನ್ ಸರಿಯಿದೆ. ಒಂದು ಬೆರಳಗಲದ ಬಳೆ ಹೋಗಿ ಇಡೀ ಸ್ಪೀಕರು ಗುಜರಿ ಸೇರುತ್ತದೆ. ಅದಕ್ಕೂ ಹಿಂದಿನ ಬಟ್ಟೆಯಂಚಿನವು ಮಾತ್ರ ಲೇಪವನ್ನು ಮತ್ತೊಮ್ಮೆ ಹಚ್ಚಿದರೆ ಇನ್ನೂ ಹಾಡುತ್ತಿವೆ. ಹೊಸದು ಹಳೆಯದಕ್ಕಿಂತ ಬೇಗ ಸತ್ತ ಇಂಥ ಪ್ರಸಂಗಗಳು ತಂತ್ರಜ್ಞಾನದ ಚರಿತ್ರೆಯಲ್ಲಿ ಕಡಿಮೆಯೇನಿಲ್ಲ. ಆದರೆ ಕಂಪನಿಗಳ ಶತಮಾನೋತ್ಸವದ ಪುಸ್ತಕಗಳಲ್ಲಿ ಅವಕ್ಕೆ ಜಾಗವಿರುವುದಿಲ್ಲ. ಅವನ್ನು ಕೇಳಬೇಕಾದದ್ದು ರಿಪೇರಿ ಅಂಗಡಿಗಳಲ್ಲಿ.

ಹೋದ ವರ್ಷ ಗೆಳೆಯನೊಬ್ಬನ ತಂದೆಯ ಸ್ಪೀಕರುಗಳನ್ನು ಹಿಡಿದು ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದಕ್ಕೆ ಹೋಗಿದ್ದೆವು. ಕಂಪನಿಯ ಸರ್ವಿಸ್ ಸೆಂಟರಿನವರು ಪಾರ್ಟ್ಸ್ ಬರುವುದಿಲ್ಲ, ಹೊಸದು ತಗೊಳ್ಳಿ ಎಂದು ಕೈಯಾಡಿಸಿದ್ದರು. ಗಲ್ಲಿಯ ಅಂಗಡಿಯವರಿಗೆ ಅರವತ್ತು ದಾಟಿರಬೇಕು. ಸುತ್ತಲಿನ ಮೈಕ್ ಸೆಟ್ಟಿನವರ ಸುಟ್ಟ ಕಾಯಿಲುಗಳನ್ನು ಸುತ್ತಿಕೊಡುವುದೇ ಅವರ ಮುಖ್ಯ ಕಸುಬು. ಎರಡು ಹೆಬ್ಬೆರಳಿನಿಂದ ಕೋನನ್ನು ಮೆಲ್ಲಗೆ ಒತ್ತಿ, ಕಿವಿ ಹತ್ತಿರ ಹಿಡಿದು, 'ಕಾಯಿಲ್ ಚೆನ್ನಾಗಿದೆ, ಫೋಮ್ ಒಂದೇ ಹೋಗಿರೋದು' ಎಂದರು. ಹಳೆಯ ಫೋಮಿನ ಅಂಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯಲು ಅರ್ಧ ದಿನ ಹಿಡಿಯಿತು. ನಡುವಿನ ಮುಚ್ಚಳವನ್ನು ಬಿಡಿಸಿ, ಕಾಯಿಲಿಗೂ ಆಯಸ್ಕಾಂತಕ್ಕೂ ನಡುವಿನ ಸಂದಿಗೆ ಹಳೆಯ ಎಕ್ಸ್‌ರೇ ಫಿಲ್ಮಿನ ಪಟ್ಟಿಗಳನ್ನು ಸುತ್ತಲೂ ಸಮವಾಗಿ ತುರುಕಿದರು. ಅಂಟು ಆರುವವರೆಗೆ ಕಾಯಿಲ್ ನಡುವಿನಲ್ಲೇ ನಿಲ್ಲಲಿ ಎಂದು. ಬೇರೆ ಬೇರೆ ಅಳತೆಯ ಸ್ಪೀಕರುಗಳಿಗೆ ಅವರು ನಮೂನೆಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು, ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ. ಒಂದೊಂದರ ಹಿಂದೆ ಪೆನ್ಸಿಲಿನಲ್ಲಿ ಇಂಚು, ಕಾಯಿಲಿನ ಸುತ್ತುಗಳ ಲೆಕ್ಕ, ಯಾವ ಊರಿನ ಯಾರ ಸೆಟ್ಟು ಎಂಬ ವಿವರ.

ಫೋಮ್ ಬದಲು ಬಟ್ಟೆ ಹಾಕಬಹುದಲ್ಲ, ಬಾಳಿಕೆ ಬರುತ್ತಲ್ಲ ಎಂದು ನಾನು ಓದಿದ್ದನ್ನೆಲ್ಲ ನೆನೆದು ಕೇಳಿದೆ.

'ಹಾಕಬೋದು ಸ್ವಾಮಿ. ಆದ್ರೆ ಈ ಡಬ್ಬ ಫೋಮಿಗೆ ಅಂತ ಮಾಡಿರೋದು. ಬಟ್ಟೆ ಬಿಗಿ ಬಂದ್ರೆ ಕೆಳಗಿನ ಸೌಂಡ್ ಹೋಗ್ತದೆ. ಆಮೇಲೆ ನಿಮ್ಮ ಫ್ರೆಂಡು ನನ್ನ ಬೈತಾರೆ.'

ಫೋಮನ್ನೇ ಹಾಕಿಸಿಕೊಂಡು ಬಂದೆವು. ಮರುದಿನ ಸಂಜೆ ಅವರು ಹೇಳಿದ ಹಾಗೆ ಮೊದಲ ಒಂದು ಗಂಟೆ ಮೆಲ್ಲಗೆ, ಬರೀ ತಂಬೂರಿಯ ಶ್ರುತಿಯನ್ನು ಹಾಕಿ ಬಿಟ್ಟೆವು. ಆ ಲಗ್ನಪತ್ರಿಕೆಗಳ ಫೋಟೊ ತೆಗೆದುಕೊಳ್ಳಲು ಅವರು ಒಪ್ಪಿದ್ದಾರೆ. ಒಟ್ಟು ನೂರರ ಮೇಲಿವೆ, ಭಾನುವಾರಗಳಲ್ಲಿ ಹೋಗಿ ಒಂದೊಂದಾಗಿ ತೆಗೆಯುತ್ತಿದ್ದೇನೆ.